ಶ್ವಾಸಕೋಶದ ಕ್ಯಾನ್ಸರ್: ಕೆಲವೇ ಕಂತಿನ ನಿಖರ ವಿಕಿರಣ ಚಿಕಿತ್ಸೆ

ಆರಂಭಿಕ ಹಂತದ ಶ್ವಾಸಕೋಶದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯೇ ಇಂದಿಗೂ ಮೊದಲ ಆಯ್ಕೆ. ಆದರೆ ಹೃದ್ರೋಗ, ವೃದ್ಧಾಪ್ಯ ಅಥವಾ ದುರ್ಬಲ ಶ್ವಾಸಕೋಶದ ಕಾರಣ ಅದನ್ನು ತಾಳಿಕೊಳ್ಳಲಾರದವರಿಗೆ ಮತ್ತೊಂದು ಮಾರ್ಗವಿದೆ. ಗಡ್ಡೆಯನ್ನಷ್ಟೇ ಗುರಿಯಾಗಿಸಿ ಅಧಿಕ ಪ್ರಮಾಣದ ವಿಕಿರಣ ಹಾಯಿಸುವ ಈ ವಿಧಾನದ ಹೆಸರು ಸ್ಟೀರಿಯೊಟ್ಯಾಕ್ಟಿಕ್ ಬಾಡಿ ರೇಡಿಯೊಥೆರಪಿ, ಸಂಕ್ಷಿಪ್ತವಾಗಿ ಎಸ್‌ಬಿಆರ್‌ಟಿ. ಜನಸಾಮಾನ್ಯರು ‘ಕರೆಂಟ್ ಕೊಡುವುದು’ ಎನ್ನುವ ಹಳೆಯ ವಿಕಿರಣ ಚಿಕಿತ್ಸೆಗೂ ಇದಕ್ಕೂ ಬಹಳ ಅಂತರವಿದೆ.

ಹಳೆಯ ಕ್ರಮದಲ್ಲಿ ದಿನಕ್ಕೆ 2 ಗ್ರೇಯಂತೆ ಸುಮಾರು 30 ದಿನ, ಅಂದರೆ ಆರು ವಾರ ಆಸ್ಪತ್ರೆಗೆ ಅಲೆಯಬೇಕು. ಎಸ್‌ಬಿಆರ್‌ಟಿಯಲ್ಲಿ 48ರಿಂದ 54 ಗ್ರೇ ವಿಕಿರಣವನ್ನು ಸಾಮಾನ್ಯವಾಗಿ 3ರಿಂದ 5 ಕಂತುಗಳಲ್ಲಿಯೇ ಮುಗಿಸಲಾಗುತ್ತದೆ. ಉಸಿರಾಟದೊಂದಿಗೆ ಗಡ್ಡೆಯೂ ಮೇಲೆ ಕೆಳಗೆ ಸರಿಯುವುದರಿಂದ, ಆ ಚಲನೆಯನ್ನು ಸಿ.ಟಿ. ಸ್ಕ್ಯಾನ್‌ನಲ್ಲಿ ಮೊದಲೇ ದಾಖಲಿಸಿಕೊಂಡು ಹಲವು ದಿಕ್ಕುಗಳಿಂದ ಕಿರಣಗಳನ್ನು ಕೇಂದ್ರೀಕರಿಸುತ್ತಾರೆ. ಕೊಯ್ಯುವುದಿಲ್ಲ, ಅರಿವಳಿಕೆಯೂ ಬೇಕಿಲ್ಲ. ಶ್ರೀನಿವಾಸಪುರ ಅಥವಾ ಮುಳಬಾಗಿಲಿನಿಂದ ದಿನಗೂಲಿ ಬಿಟ್ಟು ಬೆಂಗಳೂರಿಗೆ ಬರುವ ರೋಗಿಗೆ ಮೂವತ್ತು ಸಲದ ಬದಲು ಐದು ಸಲ ಎಂಬುದು ಸಣ್ಣ ವ್ಯತ್ಯಾಸವಲ್ಲ.

ಈ ತಂತ್ರದ ಮೂಲ ಸ್ವೀಡನ್‌ನಲ್ಲಿದೆ. ಲಾರ್ಸ್ ಲೆಕ್ಸೆಲ್ 1951ರಲ್ಲಿ ಮಿದುಳಿಗಾಗಿ ರೂಪಿಸಿದ ಪರಿಕಲ್ಪನೆಯನ್ನು 1990ರ ದಶಕದಲ್ಲಿ ಸ್ಟಾಕ್‌ಹೋಮ್‌ನ ಲಾಕ್ಸ್ ಮತ್ತು ಬ್ಲೂಮ್‌ಗ್ರೆನ್ ದೇಹದ ಇತರ ಭಾಗಗಳಿಗೆ ವಿಸ್ತರಿಸಿದರು. ಶಸ್ತ್ರಚಿಕಿತ್ಸೆಗೆ ಅನರ್ಹರಾದವರ ಮೇಲೆ ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ವರ್ಷಗಳ ನಂತರ ಮೂಲ ಗಡ್ಡೆ ಹತೋಟಿಯಲ್ಲಿದ್ದ ಪ್ರಮಾಣ ಶೇ 97.6. ಬದುಕುಳಿದವರು ಶೇ 55.8. ಅವರೆಲ್ಲ ಮೊದಲೇ ಇತರ ಕಾಯಿಲೆಗಳಿಂದ ಬಳಲುತ್ತಿದ್ದವರು ಎಂಬುದನ್ನು ಮರೆಯದೆ ಈ ಎರಡನೇ ಅಂಕಿಯನ್ನು ಓದಬೇಕು.

ಎಲ್ಲರಿಗೂ ಇದು ಒಗ್ಗದು. ಗಡ್ಡೆ ಸಾಮಾನ್ಯವಾಗಿ 5 ಸೆಂ.ಮೀ. ಒಳಗಿರಬೇಕು, ದುಗ್ಧಗ್ರಂಥಿಗಳಿಗೆ ಹರಡಿರಬಾರದು. ಮುಖ್ಯ ಶ್ವಾಸನಾಳಕ್ಕೆ ಹತ್ತಿರವಿದ್ದರೆ ಅಪಾಯ ಹೆಚ್ಚು; ಆಗ ಕಂತುಗಳನ್ನು ಹೆಚ್ಚಿಸಿ ಪ್ರತಿ ಕಂತಿನ ಪ್ರಮಾಣ ತಗ್ಗಿಸುತ್ತಾರೆ. ಆಯಾಸ, ಕೆಮ್ಮು, ತಿಂಗಳುಗಳ ನಂತರ ಶ್ವಾಸಕೋಶದ ಉರಿಯೂತ, ಅಪರೂಪಕ್ಕೆ ಪಕ್ಕೆಲುಬಿನ ಬಿರುಕು ಇದರ ಅಡ್ಡ ಪರಿಣಾಮಗಳು.

ದೂಳು ಮತ್ತು ಕ್ಷಯದ ನಡುವೆ

ಕೋಲಾರ ಜಿಲ್ಲೆಯಲ್ಲಿ ಈ ವಿಷಯಕ್ಕೆ ಬೇರೆಯೇ ತೂಕವಿದೆ. ಬೀಡಿ, ಸಿಗರೇಟಿನಂತೆಯೇ ಕಲ್ಲಿನ ದೂಳಿನಲ್ಲಿರುವ ಸಿಲಿಕಾ ಕೂಡ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1997ರಲ್ಲಿ ಘೋಷಿಸಿದೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ 1940ರಿಂದ 1946ರವರೆಗೆ ಪರೀಕ್ಷೆಗೊಳಗಾದ 7,653 ಕಾರ್ಮಿಕರಲ್ಲಿ ಶೇ 43.7 ಮಂದಿಗೆ ಸಿಲಿಕೋಸಿಸ್ ಇತ್ತು. ಮಾಲೂರು ತಾಲ್ಲೂಕಿನ ಟೇಕಲ್ ಸುತ್ತ ಇಂದಿಗೂ ಕಲ್ಲು ಒಡೆಯುವುದೇ ಅನೇಕರ ಜೀವನೋಪಾಯ. ಹೀಗೆ ಶ್ವಾಸಕೋಶ ಹಾಳಾದವರೇ ಶಸ್ತ್ರಚಿಕಿತ್ಸೆಗೆ ಅನರ್ಹರಾಗುವುದು ಹೆಚ್ಚು. ಅದೇ ಹಾನಿಯಿಂದ ವಿಕಿರಣದ ಉರಿಯೂತವೂ ಉಲ್ಬಣಿಸಬಹುದಾದ್ದರಿಂದ ಇಂಥವರಲ್ಲಿ ತಜ್ಞರ ಎಚ್ಚರಿಕೆ ಅಗತ್ಯ.

ನಿಜವಾದ ತೊಡಕು ಇರುವುದು ಚಿಕಿತ್ಸೆಯಲ್ಲಲ್ಲ, ಪತ್ತೆಯಲ್ಲಿ. ಭಾರತದಲ್ಲಿ ಈ ಕ್ಯಾನ್ಸರ್‌ನ ಬಹುಪಾಲು ರೋಗಿಗಳು ವೈದ್ಯರ ಬಳಿ ಬರುವ ವೇಳೆಗೆ ಮೂರನೇ ಅಥವಾ ನಾಲ್ಕನೇ ಹಂತ ತಲುಪಿರುತ್ತಾರೆ. ಕೆಮ್ಮು, ತೂಕ ಇಳಿಕೆ, ಕಫದಲ್ಲಿ ರಕ್ತ ಎರಡೂ ಕಾಯಿಲೆಗಳ ಲಕ್ಷಣ. ಎಕ್ಸ್‌ರೇಯಲ್ಲಿ ಕಂಡ ಕಲೆಯನ್ನು ಕ್ಷಯವೆಂದು ಭಾವಿಸಿ ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದ ಪ್ರಕರಣಗಳು ದೇಶದಾದ್ಯಂತ ವೈದ್ಯಕೀಯ ವರದಿಗಳಲ್ಲಿವೆ. ಎಸ್‌ಬಿಆರ್‌ಟಿಗೆ ದಕ್ಕಬಹುದಾಗಿದ್ದ ಗಡ್ಡೆ ಕೈತಪ್ಪುವುದು ಈ ತಿಂಗಳುಗಳಲ್ಲಿಯೇ. ಕಫ ಪರೀಕ್ಷೆಯಲ್ಲಿ ಕ್ಷಯದ ರೋಗಾಣು ಸಿಗದಿದ್ದಾಗ, ಅಥವಾ ಎರಡು ತಿಂಗಳ ಔಷಧದ ನಂತರವೂ ಕಲೆ ಕರಗದಿದ್ದಾಗ ಸಿ.ಟಿ. ಸ್ಕ್ಯಾನ್ ಮತ್ತು ಬಯಾಪ್ಸಿಯ ಬಗ್ಗೆ ರೋಗಿಯ ಮನೆಯವರೇ ಕೇಳುವುದರಲ್ಲಿ ತಪ್ಪಿಲ್ಲ.

ಕೋಲಾರದಿಂದ ಬೆಂಗಳೂರು ಸುಮಾರು 70 ಕಿ.ಮೀ. ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಿಂದ ರಾಜ್ಯದ ಬಡ ಕ್ಯಾನ್ಸರ್ ರೋಗಿಗಳ ಮೊದಲ ವಿಳಾಸವಾಗಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಇದಕ್ಕೆ ತಾಲ್ಲೂಕು ಆಸ್ಪತ್ರೆ ಅಥವಾ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆದು ಹೋಗುವುದು ಲೇಸು. ಹಳೆಯ ಎಕ್ಸ್‌ರೇ ಹಾಳೆಗಳನ್ನೂ ಜೊತೆಗೆ ಒಯ್ಯಬೇಕು, ಕಲೆ ಬೆಳೆದಿದೆಯೋ ಇಲ್ಲವೋ ಎಂಬುದು ಅವುಗಳಿಂದ ತಿಳಿಯುತ್ತದೆ.