ನನ್ನ ಹೆಸರು ನಾಯಿಗಿಡು!

"ಹಂಗಾಗ್ಲಿಲ್ಲ ಅಂದ್ರ ನನ್ನ ಹೆಸ್ರು ನಾಯಿಗಿಡು!"

ಈ ಮಾತನ್ನ ಒಮ್ಮೆಯಾದರೂ ಆಡದ ಕನ್ನಡಿಗರು ಇರಲಿಕ್ಕಿಲ್ಲ. ನಾನೂ ಆಡಿದ್ದೆ. ಎಂಜಿನಿಯರಿಂಗ್ ಮೊದಲ ಸೆಮಿಸ್ಟರಿನಲ್ಲಿ ಗಣಿತ ಪಾಸಾಗದಿದ್ದರೆ ನನ್ನ ಹೆಸರು ನಾಯಿಗಿಡು ಅಂತ ರೂಮ್‌ಮೇಟ್‌ಗೆ ಸವಾಲು ಹಾಕಿದ್ದೆ. ಪಾಸಾಗಲಿಲ್ಲ. ಪುಣ್ಯಕ್ಕೆ ಅವನ ಮನೆಯಲ್ಲಿ ನಾಯಿ ಇರಲಿಲ್ಲ :)

ನಮ್ಮ ಭಾಷೆಯಲ್ಲಿ ನಾಯಿಗೆ ಹೆಸರಿಡೋದು ಅಂದ್ರೆ ಹೆಸರಿನವನಿಗೆ ಅವಮಾನ. ಇಷ್ಟು ದಿನ ಇದು ಬರೀ ಮಾತಾಗಿತ್ತು. ಹೋದ ದೀಪಾವಳಿಗೆ ಊರಿಗೆ ಹೋದಾಗ ಇದೇ ದೊಡ್ಡ ಪ್ರಶ್ನೆಯಾಗಿ ಮನೆ ಮುಂದೆ ಕೂತಿತ್ತು.

ನಮ್ಮೂರು ರಾಯಚೂರು ಜಿಲ್ಲೆಯ ಮಲ್ಲಟ. ಜೋಳ, ಹತ್ತಿ, ತೊಗರಿ ಬೆಳೆಯುವ ಕಪ್ಪು ಮಣ್ಣಿನ ಸೀಮೆ. ಹೊಲಕ್ಕೆ ಕಾಡುಹಂದಿ ಕಾಟ ಜಾಸ್ತಿಯಾಗಿದೆ ಅಂತ ಅಪ್ಪ ಜಮಖಂಡಿ ಕಡೆಯ ತಮ್ಮ ಗೆಳೆಯರೊಬ್ಬರಿಂದ ಒಂದು ಮುಧೋಳ ನಾಯಿಮರಿ ತಂದಿದ್ದರು. ಕಪ್ಪು ಮೈ, ಎದೆ ಮೇಲೆ ಬಿಳಿ ಪಟ್ಟಿ, ಮೈಗಿಂತ ಕಾಲೇ ಉದ್ದ. ತಮ್ಮ ಆಗಲೇ 'ಬ್ರೂನೋ' ಅಂತ ಶುರು ಮಾಡಿದ್ದ. ಅಪ್ಪ 'ರಾಜಾ' ಅನ್ನುತ್ತಿದ್ದರು. ಮರಿ ಹೆಣ್ಣು ಅನ್ನೋದು ಇಬ್ಬರ ಗಮನಕ್ಕೂ ಬಂದಿರಲಿಲ್ಲ!

"ತಡೀರಿ, ನಮ್ಮ ನೆಲದ ತಳಿ ಇದು. ನಮ್ಮ ನೆಲದ್ದೇ ಹೆಸರು ಇಡೋಣ" ಅಂದೆ. ಬಾಯಿ ಬಿಟ್ಟ ತಪ್ಪಿಗೆ ಹುಡುಕುವ ಕೆಲಸ ನನ್ನ ತಲೆಗೇ ಬಂತು.

ಮೊದಲು ತಳಿಯ ಹೆಸರನ್ನೇ ನೋಡಿ. 'ಮುಧೋಳ್ ಹೌಂಡ್' ಅಂತ ನಾವು ಹೆಮ್ಮೆಯಿಂದ ಹೇಳ್ತೀವಿ. ಆದರೆ ಭಾರತದಲ್ಲಿ ನಾಯಿಗಳನ್ನು ನೋಂದಾಯಿಸುವ ಎರಡು ಸಂಸ್ಥೆಗಳಿಗೆ ಇದರ ಹೆಸರಿನ ಬಗ್ಗೆ ಒಮ್ಮತ ಇಲ್ಲ. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು 'ಕ್ಯಾರವಾನ್ ಹೌಂಡ್' ಅನ್ನುತ್ತೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ 'ಮುಧೋಳ್ ಹೌಂಡ್' ಅನ್ನುತ್ತೆ. ಇವುಗಳ ಪೂರ್ವಜರು ವಾಯವ್ಯದಿಂದ ವ್ಯಾಪಾರಿಗಳ ಸಾರ್ಥಗಳ ಜೊತೆ ದಖ್ಖನ್ನಿಗೆ ಬಂದವು ಅನ್ನೋ ನಂಬಿಕೆ ಮೊದಲ ಹೆಸರಿನ ಹಿಂದಿದೆ. ಮೈಮೇಲೆ ರೇಷ್ಮೆಯಂಥ ಉದ್ದ ಕೂದಲಿರುವ ಬಗೆಗೆ 'ಪಶ್ಮಿ' ಅಂತ ಇನ್ನೊಂದು ಹೆಸರು.

ಎರಡನೇ ಹೆಸರಿಗೆ ಕಾರಣ ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ. ಹಳ್ಳಿಗಳಲ್ಲಿ ಬೇಟೆಗಾರರ ಬಳಿ ಉಳಿದಿದ್ದ ಈ ನಾಯಿಗಳನ್ನು ಆರಿಸಿ ಬೆಳೆಸಿದವರು ಅವರು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟರು, ದೊರೆಯೇ ಇವನ್ನು 'ಮುಧೋಳದ ಹೌಂಡುಗಳು' ಅಂತ ಕರೆದ, ಅದೇ ಹೆಸರು ನಿಂತಿತು ಅನ್ನೋ ಕಥೆ ಎಲ್ಲ ಕಡೆ ಸಿಗುತ್ತೆ. ಕೆಲವರು ಇಸವಿಯನ್ನೂ ಸೇರಿಸಿ 1937 ಅಂತ ಬರೀತಾರೆ. ಬಗ್ ಹುಡುಕೋದು ನನ್ನ ಹೊಟ್ಟೆಪಾಡು ನೋಡಿ, ಇಲ್ಲೂ ಒಂದು ಸಿಕ್ಕಿತು. ಐದನೇ ಜಾರ್ಜ್ ತೀರಿಕೊಂಡಿದ್ದು 1936ರ ಜನವರಿಯಲ್ಲಿ! ಒಂದೋ ಇಸವಿ ತಪ್ಪು, ಇಲ್ಲವೇ ದೊರೆ ತಪ್ಪು. ಅದಿರಲಿ, ನನಗೆ ಕಚಗುಳಿ ಇಟ್ಟ ವಿಷಯ ಬೇರೆ. ನಮ್ಮ ನಾಯಿಗೆ ನಮ್ಮ ಊರಿನ ಹೆಸರು ನಿಲ್ಲೋದಕ್ಕೂ ಲಂಡನ್ನಿನ ಅರಮನೆಯ ಮುದ್ರೆ ಬೇಕು ಅನ್ನಿಸಿದೆಯಲ್ಲ ಈ ಕಥೆ ಹೇಳುವವರಿಗೆ!

ಘೋರ್ಪಡೆ ಅನ್ನೋ ಹೆಸರಿನ ಕಥೆಯೂ ಮಜವಾಗಿದೆ. ಘೋರ್ಪಡ್ ಅಂದ್ರೆ ಮರಾಠಿಯಲ್ಲಿ ಉಡ. ಬಹಮನಿ ಕಾಲದಲ್ಲಿ ಈ ಮನೆತನದ ಹಿರಿಯನೊಬ್ಬ ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ, ಅದಕ್ಕೆ ಸಿಕ್ಕ ಬಿರುದು ಇದು ಅಂತ ಪ್ರತೀತಿ. ಅಂದ್ರೆ ಉಡದ ಹೆಸರು ಹೊತ್ತ ಅರಸ ನಾಯಿಗೆ ಊರಿನ ಹೆಸರು ಕೊಟ್ಟ. ಪ್ರಾಣಿಯ ಹೆಸರು ಮನುಷ್ಯನಿಗೆ ಇಟ್ಟರೆ ಬಿರುದು, ಮನುಷ್ಯನ ಹೆಸರು ಪ್ರಾಣಿಗೆ ಇಟ್ಟರೆ ಅವಮಾನ. ಎಂಥಾ ನ್ಯಾಯ ಅಲ್ವಾ?

ಆಮೇಲೆ ಮುಧೋಳ ನಾಯಿಗೆ ಮರ್ಯಾದೆ ಬಂತು ಬಿಡಿ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ನಾಯಿಗಳ ಅಂಚೆಚೀಟಿ ತಂದಾಗ ರಾಜಪಾಳಯಂ, ರಾಂಪುರ ಹೌಂಡ್, ಹಿಮಾಲಯದ ಕುರಿನಾಯಿಗಳ ಜೊತೆ ಇದೂ ಇತ್ತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. 2016ರಲ್ಲಿ ಅಲ್ಲಿಂದ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು.

ಊರಿನ ಹೆಸರೇನೋ ಆಯಿತು. ನಮ್ಮ ಮನೆ ಮರಿಯನ್ನ ಕೂಗೋದು ಹೇಗೆ?

ಪುರಾಣದಲ್ಲಿ ಹುಡುಕಿದೆ. ಧರ್ಮರಾಯನ ಜೊತೆ ಸ್ವರ್ಗದ ಬಾಗಿಲ ತನಕ ಹೋದ ನಾಯಿ ಇದೆಯಲ್ಲ, ನಮ್ಮ ಕಥೆಗಳಲ್ಲೇ ಅತಿ ದೊಡ್ಡ ನಾಯಿ ಅದು. ಅದಕ್ಕೆ ಹೆಸರೇ ಇಲ್ಲ! ವೇದದ ಕಡೆ ಹೋದರೆ ಯಮನ ಎರಡು ನಾಯಿಗಳು ಶ್ಯಾಮ ಮತ್ತು ಶಬಲ. ಒಂದು ಕಪ್ಪು, ಇನ್ನೊಂದು ಮಚ್ಚೆಯದು. ನಮ್ಮೂರಲ್ಲಿ ಕರಿಯ, ಕೆಂಚ ಅಂತ ಇಟ್ಟ ಹಾಗೇ. ಯಮಧರ್ಮನೂ ಹೆಸರಿನ ವಿಷಯದಲ್ಲಿ ನಮ್ಮ ಹಾಗೇ ಸೋಮಾರಿ ಅಂದುಕೊಂಡೆ.

ಆಗ ನೆನಪಾಗಿದ್ದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ. ಕಾಲೇಜಿನ ದಿನಗಳಲ್ಲಿ ಮಳೆಗೆ ಸಿಕ್ಕಿ ಅದರೊಳಗೆ ಹೋಗಿ ನಿಂತಿದ್ದೆ. ಅಲ್ಲೊಂದು ದೊಡ್ಡ ಕಲ್ಲು, ಅದರ ಮೇಲೆ ನಾಯಿ ಹಂದಿ ಕಾದಾಡುವ ಕೆತ್ತನೆ, ಸುತ್ತ ಹಳಗನ್ನಡದ ಸಾಲುಗಳು. ಅದು ಆತಕೂರು ಶಾಸನ.

ಮಂಡ್ಯ ಜಿಲ್ಲೆಯ ಆತಕೂರಿನದು. ಶಕ 872, ಸೌಮ್ಯ ಸಂವತ್ಸರ, ಅಂದ್ರೆ ಕ್ರಿ.ಶ. 949-50. ಆ ಹೊತ್ತಿಗೆ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ಭಾರೀ ಯುದ್ಧ ನಡೆದಿತ್ತು. ಕೃಷ್ಣನ ಕಡೆ ಇದ್ದವನು ಅವನ ಭಾವ, ಗಂಗರ ಅರಸ ಇಮ್ಮಡಿ ಬೂತುಗ. ಚೋಳ ರಾಜಕುಮಾರ ರಾಜಾದಿತ್ಯ ಬೂತುಗನ ಕೈಯಲ್ಲೇ ಸತ್ತ. ಮೆಚ್ಚಿದ ಕೃಷ್ಣ ಅವನಿಗೆ ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಇಷ್ಟನ್ನೂ ಕೊಟ್ಟ. ಬಾಗೆನಾಡು ಅಂದ್ರೆ ಇವತ್ತಿನ ಬಾಗಲಕೋಟೆ ಸೀಮೆ.

ಬೂತುಗನ ಬಳಿ ಮಣಲೆರ ಅನ್ನೋ ವೀರ ಇದ್ದ. ಅವನ ಪರಾಕ್ರಮಕ್ಕೆ ಮೆಚ್ಚಿ ಬೂತುಗ "ಏನು ಬೇಕು ಕೇಳು" ಅಂದ. ನಾಡುಗಳೇ ಕೈ ಬದಲಾಯಿಸುತ್ತಿದ್ದ ಹೊತ್ತು ಅದು. ಮಣಲೆರ ಕೇಳಿದ್ದು ಬೂತುಗನ ನಾಯಿಯನ್ನು. ಅದರ ಹೆಸರು ಕಾಳಿ.

ಆಮೇಲೆ ಬೇಟೆಯಲ್ಲಿ ಬೆಳತೂರಿನ ಪಡುವಣ ಬೆಟ್ಟದ ಹತ್ತಿರ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಕಾಳಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಗುಡಿ ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಅಂತಲೂ ಬರೆಸಿದರು. ಸಾಮ್ರಾಜ್ಯಗಳ ಯುದ್ಧ, ಅರಸರ ದಾನ, ಒಂದು ನಾಯಿಯ ಸಾವು ಎಲ್ಲ ಒಂದೇ ಕಲ್ಲಲ್ಲಿ!

ಇನ್ನೊಂದು ಸ್ವಾರಸ್ಯ ಇದೆ. ಅದೇ ಸೌಮ್ಯ ಸಂವತ್ಸರದಲ್ಲಿ ಮುದುವೊಳಲಿನ ಒಂದು ಬಳೆಗಾರರ ಮನೆಯಲ್ಲಿ ಒಂದು ಗಂಡು ಮಗು ಹುಟ್ಟಿತು. ಮುದುವೊಳಲು ಅಂದ್ರೆ ಇವತ್ತಿನ ಮುಧೋಳ, ಆ ಮಗು ಕವಿ ರನ್ನ. ವಿದ್ಯೆ ಹುಡುಕಿಕೊಂಡು ಅವನು ಹೋಗಿದ್ದು ಗಂಗರ ನಾಡಿಗೇ, ಚಾವುಂಡರಾಯನ ಆಶ್ರಯಕ್ಕೆ. ಮುಂದೆ ರನ್ನ ತನಗೆ ಆಸರೆಯಾದವರ ನೆನಪಿಗೆ ಮಗನಿಗೆ ರಾಯ ಅಂತಲೂ ಮಗಳಿಗೆ ಅತ್ತಿಮಬ್ಬೆ ಅಂತಲೂ ಹೆಸರಿಟ್ಟ. ಮುಧೋಳದ ಕವಿಗೆ ಹೆಸರಿಡೋದು ಅಂದ್ರೆ ಋಣ ನೆನೆಯೋದು.

ಇಷ್ಟೆಲ್ಲ ಸಿಕ್ಕ ಮೇಲೆ ಬೇರೆ ಹೆಸರು ಯಾಕೆ? ಕಪ್ಪು ಮರಿ, ಹಂದಿ ಕಾಯೋ ಕೆಲಸ, ಹೆಣ್ಣು ಬೇರೆ. "ಕಾಳಿ!" ಅಂತ ಮನೆಯಲ್ಲಿ ಘೋಷಿಸಿದೆ.

ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿದಳು. "ದೇವ್ರ ಹೆಸ್ರು ನಾಯಿಗ್ಯಾಕಪ್ಪ? ನಾಳಿ ಸಿಟ್ಟು ಬಂದಾಗ ಕಾಳಿ, ಹೊರಗ ನಡಿ ಅಂತ ಬೈಯಾಕ ಬರ್ತದೇನು?" ಆಮೇಲೆ ದನಿ ತಗ್ಗಿಸಿ, "ಎದುರು ಮನಿ ದೊಡ್ಡಮ್ಮಗ ಕೇಳಿದ್ರ?" ಅಂದಳು.

ಅದು ನನಗೆ ಹೊಳೆದೇ ಇರಲಿಲ್ಲ. ಎದುರು ಮನೆ ದೊಡ್ಡಮ್ಮನ ಹೆಸರೂ ಅದೇ, ಕೊನೆಗೊಂದು 'ಅಮ್ಮ' ಸೇರಿದೆ ಅಷ್ಟೇ. ಚಿಕ್ಕವನಿದ್ದಾಗ ನನ್ನನ್ನ ಸೊಂಟದ ಮೇಲೆ ಹೊತ್ತು ತಿರುಗಿದಾಕೆ. ಬೇರೆಯವರ ಹೊಲದಲ್ಲಿ ಕಳೆ ತೆಗೆದೇ ಮೂರು ಮಕ್ಕಳನ್ನ ಬೆಳೆಸಿದಾಕೆ. ಆಕೆಯ ಬಾಗಿಲ ಮುಂದೆ ನಿಂತು ನಾವು ನಾಯಿಯನ್ನ ಆ ಹೆಸರಿಂದ ಕೂಗಿದರೆ? ಶಾಸನ ಗೀಸನ ಓದಿಕೊಂಡು ಆಕೆ ಕೂತಿಲ್ಲ. ಆಕೆಗೆ ಗೊತ್ತಿರೋದು ಅದೇ ಹಳೇ ಮಾತು, ನನ್ನ ಹೆಸರು ನಾಯಿಗಿಡು ಅನ್ನೋದು. ಬೆಂಗಳೂರಲ್ಲಿ ಓದಿ ಬಂದ ಹುಡುಗ ಇಟ್ಟೇಬಿಟ್ಟ ಅಂತ ನೊಂದುಕೊಳ್ಳುವುದಿಲ್ಲವೇ? ಸಂಸ್ಕೃತಿ ಅಂತ ಹೆಮ್ಮೆಯಿಂದ ಆರಿಸಿದ್ದು ಪಕ್ಕದ ಮನೆಯವರಿಗೆ ಚುಚ್ಚುತ್ತೆ ಅಂದ್ರೆ ಅದೆಂಥ ಸಂಸ್ಕೃತಿ? 'ಬ್ರೂನೋ' ಅಂದರೆ ಈ ತೊಂದರೆ ಇಲ್ಲ. ಬಹುಶಃ ನಾವೆಲ್ಲ ಟಾಮಿ, ಟೈಗರ್ ಅಂತ ಇಡೋದು ಇದಕ್ಕೇ ಏನೋ, ಆ ಹೆಸರಿನವರು ನಮ್ಮ ಓಣಿಯಲ್ಲಿ ಇರಲ್ಲ.

ರಾತ್ರಿ ತಾತನ ನಾಯಿ ನೆನಪಾಯಿತು. ನಾನು ಹೈಸ್ಕೂಲಿಗೆ ಹೋಗೋ ತನಕ ನಮ್ಮ ಹೊಲ ಕಾದ ಕೆಂಚು ಬಣ್ಣದ ನಾಯಿ. ತಾತ ತೀರಿಕೊಂಡ ಮೇಲೂ ದಿನಾ ಸಂಜೆ ಹೊಲದ ಬದುವಿನಲ್ಲಿ ಹೋಗಿ ಕೂತಿರುತ್ತಿತ್ತು. ಅದರ ಹೆಸರೇನಿತ್ತು ಅಂತ ಅಪ್ಪನನ್ನ ಕೇಳಿದೆ. ಅಪ್ಪ ಸುಮಾರು ಹೊತ್ತು ಯೋಚಿಸಿ "ನಾಯಿ ಅಂತಿದ್ವಿ" ಅಂದರು.

ನಮ್ಮ ಜಿಲ್ಲೆಯದೇ ಮಸ್ಕಿಯ ಬಂಡೆ ನೆನೆಸಿಕೊಳ್ಳಿ. 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿಯ ಎಂಜಿನಿಯರ್ ಅದನ್ನು ಕಂಡ. ಅಲ್ಲಿಯ ತನಕ ಸಿಕ್ಕ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನೋ ಬಿರುದುಗಳಷ್ಟೇ. ಅಶೋಕ ಅನ್ನೋ ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಚಕ್ರವರ್ತಿಯ ಸ್ವಂತ ಹೆಸರೇ ಕಲ್ಲಲ್ಲಿ ಸಿಗೋದಕ್ಕೆ ಇಷ್ಟು ಕಾಲ ಕಾಯಬೇಕಾಯಿತು. ಇನ್ನು ತಾತನ ನಾಯಿ ಯಾವ ಲೆಕ್ಕ? ಅದಕ್ಕೇ ಕಾಳಿಯ ಕಲ್ಲು ದೊಡ್ಡದು ಅನ್ನಿಸುತ್ತೆ. ಹೆಸರು ಬರೆಸಿದ್ದಕ್ಕೆ ಅದು ಉಳಿಯಿತು.

ಬೆಳಗ್ಗೆ ಎದ್ದವನೇ ಎದುರು ಮನೆಗೆ ಹೋದೆ. ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದೆ. ಬೂತುಗ, ಮಣಲೆರ, ಹಂದಿ, ಕಲ್ಲು, ಗೊರವನಿಗೆ ತಟ್ಟುವ ಪಾಪ. ದೊಡ್ಡಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡಳು.

"ನಾಯಿಗಿ ಕಲ್ಲು ಹಾಕ್ಸಿದ್ರಾ?"

"ಹೂಂ ದೊಡ್ಡಮ್ಮ, ಸಾವಿರ ವರ್ಷದ ಮ್ಯಾಲಾತು. ಇನ್ನೂ ಐತಿ."

"ಪೂಜಿನೂ ಮಾಡಂದ್ರಾ?"

"ಹೂಂ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನನಗ ಯಾರು ಹಾಕಸ್ತಾರಪ್ಪ ಕಲ್ಲು" ಅಂದು ನಕ್ಕಳು. ನನಗೆ ನಗು ಬರಲಿಲ್ಲ. ಆಮೇಲೆ ಅವಳೇ, "ಇಡ್ರಿ. ಖರೆ ಒಂದ್ ಮಾತು. ಕರಿಯಾಗ ಹೆಸ್ರು ಹಿಡಿದು ಕರೀರಿ. ಬೈಯಾಗ ಹೆಸ್ರು ಹಿಡೀಬ್ಯಾಡ್ರಿ. ಬೈಯಾಗ ನಾಯಿ ಅನ್ರಿ, ಸಾಕು" ಅಂದಳು.

ಈಗ ಅದೇ ನಮ್ಮ ಮನೆಯ ಶಾಸನ. ಹೆಸರು ಹಿಡಿದು ಬೈದವರಿಗೆ ನಾಯಿಯ ಪಾಪ ತಟ್ಟುತ್ತೆ ಅಂತ ನಾನೂ ಒಂದು ಸಾಲು ಸೇರಿಸಿದ್ದೀನಿ. ಮೊನ್ನೆ ಫೋನ್ ಮಾಡಿದಾಗ ಕಾಳಿ ಅಪ್ಪನ ಹೊಸ ಚಪ್ಪಲಿ ಕಡಿದು ಹಾಕಿತ್ತಂತೆ. ಹಿಂದಿನಿಂದ ಅವ್ವ "ಏ ನಾಯಿ! ಏ ನಾಯಿ!" ಅಂತ ಕೂಗೋದು ಕೇಳಿಸುತ್ತಿತ್ತು. ಐದು ನಿಮಿಷ ಬಿಟ್ಟು ಅದೇ ದನಿ, "ಕಾಳಿ, ಬಾರವ್ವ, ರೊಟ್ಟಿ ತಿನ್ನು ಬಾ" ಅಂತಿತ್ತು.

ನಿಮ್ಮ ಮನೆ, ನಿಮ್ಮೂರ ನಾಯಿಗಳ ಹೆಸರೇನಿತ್ತು? ನೆನಪಿದ್ದರೆ ಬರೆದಿಡಿ. ನಮ್ಮ ತಾತನ ನಾಯಿಯದು ಮಾತ್ರ ಇನ್ನು ಸಿಗಲ್ಲ.