‘ಮೀನಿನ ಬೀಜಾಣು’ ಎಂಬ ಹೆಸರು ಮತ್ತು ಮೂಲ ಅತಿಥೇಯದ ಪ್ರಶ್ನೆ

ರೋಗ ತಗಲಿದ ಹೆರಿಂಗ್ ಮೀನಿನ ಹೃದಯ ಸೀಳಿದರೆ ಅಕ್ಕಿನುಚ್ಚಿನಂಥ ಬಿಳಿ ಗಂಟುಗಳು ಕಾಣುತ್ತವೆ. ಅದು ಇಕ್ತಿಯೊಫೋನಸ್ ಎಂಬ ಪರಾವಲಂಬಿ. ಇದನ್ನು ಬಹುಕಾಲ ಶಿಲೀಂಧ್ರವೆಂದೇ ಎಣಿಸಲಾಗಿತ್ತು. 1996ರಲ್ಲಿ ರೇಗನ್ ಮತ್ತು ಸಂಗಡಿಗರು ರೈಬೋಸೋಮಿನ ಆರ್‌ಎನ್‌ಎ ಜೀನನ್ನು ಹೋಲಿಸಿ ನೋಡಿದರು. ಇಕ್ತಿಯೊಫೋನಸ್, ಡರ್ಮೊಸಿಸ್ಟಿಡಿಯಂ, ಸಾಲ್ಮನ್ ಮೀನಿನ ‘ರೋಸೆಟ್’ ಜೀವಿ, ಕ್ರೇಫಿಶ್‌ನ ಸೋರೋಸ್ಪರ್ಮಿಯಂ ಈ ನಾಲ್ಕೂ ಒಂದೇ ಗುಂಪಿನವು, ಪ್ರಾಣಿ ಮತ್ತು ಶಿಲೀಂಧ್ರಗಳು ಕವಲೊಡೆದ ಜಾಗದ ಹತ್ತಿರದವು ಎಂದು ತೋರಿಸಿದರು. ಇಷ್ಟರ ಬಗ್ಗೆ ಈಗ ಯಾರದೂ ತಕರಾರಿಲ್ಲ.

1998ರಲ್ಲಿ ಕ್ಯಾವಲಿಯರ್-ಸ್ಮಿತ್ ಈ ಗುಂಪಿಗೆ ಇಕ್ತಿಯೊಸ್ಪೋರಿಯ, ಅಂದರೆ ‘ಮೀನಿನ ಬೀಜಾಣು’, ಎಂದು ಹೆಸರಿಟ್ಟರು. ಹೆಸರಿನ ಬಗ್ಗೆ ನನ್ನ ಜಗಳವಿಲ್ಲ. ಆದರೆ ಇವುಗಳ ತವರು ಮೀನು, ಉಳಿದವೆಲ್ಲ ಅಲ್ಲಿಂದ ಹೊರಬಿದ್ದವು ಎಂಬ ಊಹೆಗೆ ಅದು ಸದ್ದಿಲ್ಲದೆ ಎಡೆಕೊಡುತ್ತದೆ. ಆ ಊಹೆಯನ್ನು ನಾನು ಒಪ್ಪುವುದಿಲ್ಲ.

ಗುಂಪಿನ ಎರಡು ಕವಲುಗಳು ಮೀನನ್ನು ತಲುಪುವ ದಾರಿ ನೋಡಿ. ಡರ್ಮೊಸಿಸ್ಟಿಡ ಎಂಬ ಕವಲಿನ ಸ್ಫೀರೊತೀಕಮ್ (2003ರಲ್ಲಿ ‘ರೋಸೆಟ್’ ಜೀವಿಗೆ ಸಿಕ್ಕ ಹೆಸರು) ಸಿಹಿನೀರಿನಲ್ಲಿ ಒಂಟಿ ಕಶಾಂಗದ ಚರಬೀಜಾಣುಗಳನ್ನು ಬಿಡುತ್ತದೆ, ಅವು ಈಜಬಲ್ಲವು. ಇನ್ನೊಂದು ಕವಲಿನ ಇಕ್ತಿಯೊಫೋನಸ್‌ಗೆ ಕಶಾಂಗವಿಲ್ಲ. ರೋಗದ ಮೀನನ್ನು ಇನ್ನೊಂದು ಮೀನು ತಿಂದಾಗ ಅದು ಹೊಟ್ಟೆಯ ಮೂಲಕ ಒಳಹೊಗುತ್ತದೆ. ಅದರ ಕವಲಿನ ನೆಂಟರಲ್ಲಿ ಬಹುಪಾಲು ಅಕಶೇರುಕಗಳಲ್ಲಿವೆ: ಅಮೀಬಿಡಿಯಂ ಸಿಹಿನೀರಿನ ಸಂಧಿಪದಿಗಳ ಹೊರಕವಚಕ್ಕೆ ಅಂಟಿ ಬದುಕುತ್ತದೆ, ಕ್ರಿಯೊಲಿಮ್ಯಾಕ್ಸ್ ಕಡಲಿನ ಅಕಶೇರುಕಗಳ ಕರುಳಿನಲ್ಲಿ ಸಿಕ್ಕಿದೆ. ಆದ್ದರಿಂದ ಮೀನಿನ ಪರಾವಲಂಬಿತನ ಈ ಗುಂಪಿನಲ್ಲಿ ಕನಿಷ್ಠ ಎರಡು ಸಲ, ಬೇರೆಬೇರೆಯಾಗಿ ಬಂದಿರಬೇಕು ಎಂಬುದು ನನ್ನ ವಾದ.

‘ಇರಬೇಕು’ ಎಂದೇ ಹೇಳುತ್ತೇನೆ. ‘ಇದೆ’ ಎನ್ನುವಷ್ಟು ಆಧಾರವಿಲ್ಲ. ಪೂರ್ವಜ ಮೀನಿನಲ್ಲೇ ಇದ್ದು, ಒಂದು ಕವಲು ಅಲ್ಲಿಂದ ಅಕಶೇರುಕಗಳಿಗೆ ದಾಟಿ, ಇಕ್ತಿಯೊಫೋನಸ್ ಮಾತ್ರ ಹಳೆಯ ಮನೆಯಲ್ಲಿ ಉಳಿದಿರಬಹುದು. ಕಶಾಂಗ ನಂತರ ಕಳೆದುಹೋಗುವುದೂ ಅಪರೂಪವಲ್ಲ. ಆದರೆ ಒಂದು ಮಾತನ್ನು ಮರೆಯಬಾರದು. ಸಾಕಿದ ಮೀನು ಸತ್ತರೆ ನಷ್ಟ, ಹಾಗಾಗಿ ಅದನ್ನು ಕೊಯ್ದು ನೋಡುತ್ತಾರೆ. ನೀರಿನ ಹುಳುಹುಪ್ಪಟೆ ಸತ್ತರೆ ಯಾರೂ ನೋಡುವುದಿಲ್ಲ. ಮೀನಿನಲ್ಲಿ ಹೆಚ್ಚು ಸಿಕ್ಕಿದ್ದಕ್ಕೆ ಅಲ್ಲಿ ಹೆಚ್ಚು ಹುಡುಕಿದ್ದೂ ಕಾರಣ.

ಇದು ನಮಗೆ ದೂರದ ವಿಷಯವಲ್ಲ. ಭಾರತ ಮತ್ತು ಶ್ರೀಲಂಕಾದಲ್ಲಿ ಹೆಚ್ಚಾಗಿ ಕಾಣುವ, ಮೂಗಿನಲ್ಲಿ ಕೆಂಪು ದುರ್ಮಾಂಸ ಬೆಳೆಸುವ ರೈನೋಸ್ಪೊರಿಡಿಯಂ ಸಹ ಡರ್ಮೊಸಿಸ್ಟಿಡದ ಕವಲಿಗೇ ಸೇರಿದ್ದೆಂದು 1999ರಲ್ಲಿ ತಿಳಿಯಿತು. ಮೀನಿನ ಪರಾವಲಂಬಿಯ ನೆಂಟನಾದ್ದರಿಂದ ಇದು ಮೀನಿನಿಂದಲೇ ಬಂದಿತೆನ್ನುವುದು ಅವಸರದ ತೀರ್ಮಾನ. ಮನುಷ್ಯ, ನಾಯಿ, ಹಂಸಗಳಿಂದ ತೆಗೆದ ಮಾದರಿಗಳ ಡಿಎನ್‌ಎ ಒಂದಕ್ಕೊಂದು ಬೇರೆಯೆಂದು ಸಿಲ್ವ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಮಾದರಿಗಳು ಕಡಿಮೆ, ನಿಜ. ಆದರೂ ಆಯಾ ಅತಿಥೇಯದೊಂದಿಗೆ ಹಳೆಯ ನಂಟಿದೆ ಎಂಬ ಕಡೆಗೇ ಅವು ಬೊಟ್ಟುಮಾಡುತ್ತವೆ.

ಮುಖ್ಯವಾಗಿ ಪ್ಲವಕ ತಿಂದು ಬದುಕುವ ಹೆರಿಂಗ್‌ಗೆ ಇಕ್ತಿಯೊಫೋನಸ್ ತಗಲುವ ದಾರಿ ಇನ್ನೂ ಬಗೆಹರಿದಿಲ್ಲ; ಅಲ್ಲೂ ಮೀನಿನಾಚೆ ಹುಡುಕಬೇಕು. ನಮ್ಮಲ್ಲಿ ರೈನೋಸ್ಪೊರಿಡಿಯಂ ರೋಗಿಗಳು ಮಿಂದ ಕೆರೆಗಳ ಮೀನಿನ ಜೊತೆಗೆ ಅಲ್ಲಿನ ಸಂಧಿಪದಿ, ಕಪ್ಪೆ, ಕೆಸರನ್ನೂ ಪರೀಕ್ಷಿಸಬೇಕು. ಆ ಕೆಲಸಕ್ಕೆ ಪ್ರಾಣಿಶಾಸ್ತ್ರದವರು ಮತ್ತು ಕಿವಿ-ಮೂಗು-ಗಂಟಲಿನ ವೈದ್ಯರು ಒಟ್ಟಿಗೆ ನೀರಿಗಿಳಿಯಬೇಕು.