ಗಂಧಕವನ್ನು ಮೊದಲು ಮುಟ್ಟುವವರು ಯಾರು?

ಎಕಂಬಾ ಊರಿನ ಎರೆ ಹೊಲದಲ್ಲಿ ಸೋಯಾದ ಕೆಳಗಿನ ಎಲೆ ಹಸಿರಾಗಿಯೇ ಇದ್ದು ಚಿಗುರು ಮಾತ್ರ ಹಳದಿಗೆ ತಿರುಗಿದರೆ ಗಂಧಕದ ಕೊರತೆ ಇರಬಹುದೆಂದು ನೋಡಬೇಕು. ಸಾರಜನಕ ಸಾಲದಿದ್ದರೆ ಹಳದಿಯಾಗುವುದು ಹಳೆ ಎಲೆ. ಗಂಧಕವೇ ಇಲ್ಲದ ಡಿಎಪಿಯನ್ನಷ್ಟೇ ವರ್ಷಗಟ್ಟಲೆ ಹಾಕಿದ ಹೊಲದಲ್ಲಿ ಈ ಕೊರತೆ ಬಂದರೆ ಅಚ್ಚರಿಯಿಲ್ಲ. 2009ರಲ್ಲಿ ಆರಂಭವಾದ ಕರ್ನಾಟಕದ ಭೂಚೇತನ ಯೋಜನೆ ಇದಕ್ಕೆ ಜಿಪ್ಸಂ ಹಾಕಲು ಹೇಳಿತು. ಜಿಪ್ಸಂನಲ್ಲಿರುವ ಸಲ್ಫೇಟನ್ನು ಬೇರು ನೇರವಾಗಿ ಹೀರುತ್ತದೆ. ಹಳದಿ ಗಂಧಕದ ಪುಡಿ ಹಾಗಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಸಲ್ಫೇಟ್ ಮಾಡಿ ಕೊಡುವವರೆಗೆ ಬೆಳೆ ಕಾಯಬೇಕು. ಆ ಕೆಲಸದ ಮೊದಲ ಹೆಜ್ಜೆ ಯಾವ ಕಿಣ್ವದ್ದು? ಈ ಪ್ರಶ್ನೆಯೇ ನನ್ನನ್ನು ಹಳೆಯ ಸಂಶೋಧನಾ ಪತ್ರಿಕೆಗಳತ್ತ ಎಳೆಯಿತು.

ಮೊದಲು ಸಿಕ್ಕಿದ್ದು 1922ರ ಬರಹ. ಅಮೆರಿಕದ ನ್ಯೂಜೆರ್ಸಿಯಲ್ಲಿ ಸೆಲ್ಮನ್ ವಾಕ್ಸ್‌ಮನ್ ಮತ್ತು ಜೇಕಬ್ ಜಾಫಿ ಅವರು ಮಣ್ಣು, ಗಂಧಕ, ಶಿಲಾ ರಂಜಕ ಬೆರೆಸಿದ ಗೊಬ್ಬರದಿಂದ ಥಯೋಬ್ಯಾಸಿಲಸ್ ಥಯೋಆಕ್ಸಿಡನ್ಸ್ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ್ದರು. ಜೀವಿ ಸಿಕ್ಕಿತ್ತು, ಕಿಣ್ವ ಸಿಕ್ಕಿರಲಿಲ್ಲ.

ಅದಕ್ಕೆ ನಾಲ್ಕು ದಶಕ ಹಿಡಿಯಿತು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಇಸಾಮು ಸುಜುಕಿ 1965ರಲ್ಲಿ ಈ ಬ್ಯಾಕ್ಟೀರಿಯಾದ ಕೋಶಗಳನ್ನು ಒಡೆದು, ಆ ಸಾರಕ್ಕೆ ಗ್ಲುಟಾಥಯೋನ್ ಎಂಬ ಸಣ್ಣ ಅಣುವನ್ನು ಸೇರಿಸಿದರೆ ಗಂಧಕ ಉತ್ಕರ್ಷಣಗೊಳ್ಳುತ್ತದೆಂದು ತೋರಿಸಿದರು. ಉತ್ಪನ್ನವಾಗಿ ಕಂಡದ್ದು ಥಯೋಸಲ್ಫೇಟ್. ಗಾಳಿಯಲ್ಲಿ ಭಾರವಾದ ಆಮ್ಲಜನಕ-18 ಇಟ್ಟಾಗ ಅದು ಥಯೋಸಲ್ಫೇಟಿಗೆ ಸೇರಿತು. ಎಂದರೆ ಕಿಣ್ವವು ಆಮ್ಲಜನಕವನ್ನು ಗಾಳಿಯಿಂದಲೇ ತೆಗೆದುಕೊಳ್ಳುತ್ತದೆ. ಮರುವರ್ಷವೇ ಸುಜುಕಿ ಮತ್ತು ಅವರ ಸಹಸಂಶೋಧಕ ಸಿಲ್ವರ್ ಉತ್ಪನ್ನದ ಕುರಿತ ತೀರ್ಮಾನವನ್ನು ತಿದ್ದಿದರು. ಕಿಣ್ವ ತಯಾರಿಸುವುದು ಸಲ್ಫೈಟ್. ಉಳಿದ ಗಂಧಕದೊಡನೆ ಅದು ಕಿಣ್ವದ ಹಂಗಿಲ್ಲದೆ ತಾನಾಗಿ ಕೂಡಿ ಥಯೋಸಲ್ಫೇಟ್ ಆಗುತ್ತದೆ. ತಮ್ಮ ಫಲಿತಾಂಶವನ್ನು ತಾವೇ ಇಷ್ಟು ಬೇಗ ಮತ್ತೆ ಪರೀಕ್ಷೆಗೊಡ್ಡಿದ ಈ ಪ್ರಾಮಾಣಿಕತೆ ನನಗೆ ತುಂಬ ದೊಡ್ಡದೆನಿಸುತ್ತದೆ.

ಗ್ಲುಟಾಥಯೋನ್ ಏಕೆ ಬೇಕು ಎಂಬುದು ಬಗೆಹರಿದದ್ದು 2003ರಲ್ಲಿ, ಜರ್ಮನಿಯ ರೋವೆರ್ಡರ್ ಮತ್ತು ಸಾಂಡ್ ಅವರಿಂದ. ಕಿಣ್ವವು ಗಂಧಕದ ಪುಡಿಯನ್ನು ನೇರವಾಗಿ ಮುಟ್ಟುವುದೇ ಇಲ್ಲ. ಗ್ಲುಟಾಥಯೋನ್ ಒಂದು ಗಂಧಕದ ಪರಮಾಣುವನ್ನು ತನಗೆ ಅಂಟಿಸಿಕೊಂಡು ಪರ್ಸಲ್ಫೈಡ್ ಆಗುತ್ತದೆ. ಕಿಣ್ವ ಉತ್ಕರ್ಷಿಸುವುದು ಆ ಪರಮಾಣುವನ್ನು.

ಇಷ್ಟಾದರೂ ಎಕಂಬಾದ ಪ್ರಶ್ನೆ ಪೂರ್ತಿ ಬಗೆಹರಿಯದು. ವಾಕ್ಸ್‌ಮನ್ ಅವರ ಬ್ಯಾಕ್ಟೀರಿಯಾಕ್ಕೆ ಕಟುವಾದ ಆಮ್ಲ ಬೇಕು. ನಮ್ಮ ಎರೆ ಮಣ್ಣು ಸುಣ್ಣದಂಶದಿಂದ ಕ್ಷಾರೀಯ. ಗಂಧಕ ಉತ್ಕರ್ಷಣಗೊಂಡು ಹುಟ್ಟಿದ ಗಂಧಕಾಮ್ಲವನ್ನು ಆ ಸುಣ್ಣವೇ ತಟಸ್ಥಗೊಳಿಸುತ್ತದೆ. ಇಲ್ಲಿ ಮೊದಲು ದುಡಿಯಬಲ್ಲದ್ದು ತಟಸ್ಥ ಪರಿಸರದ ಥಯೋಬ್ಯಾಸಿಲಸ್ ಥಯೋಪಾರಸ್‌ನಂಥ ಜೀವಿ ಎಂಬುದು ನನ್ನ ಎಣಿಕೆ. ಹಾಗಾಗಿ ಈ ಮಣ್ಣಿನ ಮಾದರಿಯನ್ನು ಆಮ್ಲದ ದ್ರಾವಣದಲ್ಲಲ್ಲ, ಪಿಎಚ್ 7ರಲ್ಲಿ ಬೆಳೆಸಬೇಕು. ಕೋಶದ ಸಾರಕ್ಕೆ ಗ್ಲುಟಾಥಯೋನ್ ಸೇರಿಸಿ, ಥಯೋಸಲ್ಫೇಟ್ ಆಗುವ ಮುನ್ನವೇ ಸಲ್ಫೈಟನ್ನು ಅಳೆಯಬೇಕು.